ದೊಡ್ಡವ್ವನ ಹಾಡಿಗೆ ದೊಡ್ಡ ಹೆಡ್‌ಫೋನು

ಗುರುಪುತ್ರಪ್ಪನ ದೊಡ್ಡವ್ವ ಕಾಡವ್ವನ ಬಾಯಲ್ಲಿ ಉಳಿದದ್ದು ಒಟ್ಟು ಹನ್ನೊಂದು ಹಲ್ಲು. ಹನ್ನೊಂದೂ ಹುಳುಕು. ಬರುವ ಸೋಮವಾರ ಬೆಳಿಗ್ಗೆ ಬೆಳಗಾವಿಯ ದವಾಖಾನೆಯಲ್ಲಿ ಅಷ್ಟನ್ನೂ ಒಮ್ಮೆಗೇ ಕೀಳಿಸುವುದೆಂದು ನಿಶ್ಚಯವಾಗಿತ್ತು. ಹಲ್ಲು ಮುದುಕಿಯದು, ನೋವೂ ಮುದುಕಿಯದು. ಊಟ ಬಿಟ್ಟು ಕೂತವನು ಮಾತ್ರ ಗುರುಪುತ್ರಪ್ಪ.

ಅದಕ್ಕೆ ಕಾರಣವಿತ್ತು. ಅವನ ತಾಯಿ ಅವನಿಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡಿದ್ದಳು. ಒಂದು ಫೋಟೋ ಕೂಡ ಇಲ್ಲ. ಹೇಗಿದ್ದಳು, ಹೇಗೆ ಮಾತಾಡುತ್ತಿದ್ದಳು, ಅವನಿಗೊಂದೂ ನೆನಪಿಲ್ಲ. ಆಕೆ ಬಿಟ್ಟುಹೋದದ್ದೆಂದರೆ ನಾಲ್ಕೇ ನಾಲ್ಕು ನುಡಿ. ಆಕೆಯೂ ಅಕ್ಕ ಕಾಡವ್ವನೂ ಖಾನಾಪುರದ ಮನೆಯಲ್ಲಿ ಬೀಸುಕಲ್ಲಿನ ಆಚೆ ಈಚೆ ಕೂತು ಜೋಳ ಬೀಸುವಾಗ, ಅಕ್ಕನ ಹಾಡಿನ ನಡುವೆ ತಂಗಿ ತನ್ನ ಮಗನ ಮೇಲೆ ತಾನೇ ಕಟ್ಟಿದ ನಾಲ್ಕು ನುಡಿ ಸೇರಿಸುತ್ತಿದ್ದಳಂತೆ. ಆ ನುಡಿ ಬಲ್ಲವಳು ಈಗ ಭೂಮಿಯ ಮೇಲೆ ಕಾಡವ್ವ ಒಬ್ಬಳೇ.

ಹಾಗಾದರೆ ಇಷ್ಟು ವರ್ಷ ಯಾಕೆ ಕೇಳಿಸಿಕೊಳ್ಳಲಿಲ್ಲ ಎಂದು ಅವನನ್ನು ಬೈಯಬೇಡಿ. ಇದ್ದಾಗ ಯಾರು ಕೇಳುತ್ತಾರೆ ಹೇಳಿ? ಓಣಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಅದರ ಸಂಗಡ ಹಾಡೂ ಮೂಲೆ ಸೇರಿತು. "ಬರೇ ಬಾಯಿಲೇ ಹೇಳಿಬಿಡು ದೊಡ್ಡವ್ವಾ" ಎಂದು ಒಂದೆರಡು ಸಲ ಕೇಳಿದ್ದ. "ಕಲ್ಲಿನ ಗೂಟ ಕೈಯಾಗ ಇಲ್ಲಂದ್ರ ಹಾಡ ಬಾಯಿಗೆ ಬರೂದಿಲ್ಲೋ ತಮ್ಮಾ" ಎಂದು ಆಕೆ ಮಾತು ಮುಗಿಸಿದ್ದಳು. ಈಗ ಹಲ್ಲಿನ ವಿಷಯ ನಿಶ್ಚಯವಾದದ್ದೇ ಆಕೆ ತಾನಾಗಿಯೇ ಹೇಳಿ ಕಳಿಸಿದಳು: "ಬೊಚ್ಚ ಬಾಯಿಲೇ ಹಾಡಿದ್ರ ಊದುಗೊಳವಿ ಊದಿದಂಗ ಆಗತೈತಿ. ನಗಿಗೀಡ ಆಗಾಕ ನಾ ತಯಾರಿಲ್ಲ. ಐತವಾರ ಬಾ. ಒಮ್ಮಿ ಹಾಡ್ತೀನಿ. ಆಮ್ಯಾಲ ಹಲ್ಲೂ ಇಲ್ಲ, ಹಾಡೂ ಇಲ್ಲ."

ಕಾಡವ್ವ ಒಂದು ಮಾತಾಡಿದರೆ ಅದು ಕಲ್ಲಿನ ಮೇಲೆ ಕೊರೆದಂತೆ. ಅವಳ ಗಂಡನೇ ಆ ಮಾತು ತಿದ್ದಲಾಗದೆ ಸತ್ತಿದ್ದ.

ಗುರುಪುತ್ರಪ್ಪನ ಬಳಿ ಟೇಪ್‌ರೆಕಾರ್ಡರಿತ್ತು. ಹೆಂಡತಿ ಶಿವಬಸವ್ವನ ತಮ್ಮ ಮಸ್ಕತ್‌ನಿಂದ ತಂದುಕೊಟ್ಟದ್ದು. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ, ಕೆಂಪು ದೀಪ, ಎಲ್ಲ ಇತ್ತು. ಕೊರತೆ ಒಂದೇ. ಅದರ ಹೊಟ್ಟೆಯೊಳಗಿನ ಮೈಕು ಹೊರಗಿನವರ ಮಾತಿಗಿಂತ ತನ್ನ ಹೊಟ್ಟೆಯ ಗುರುಗುರು ಸದ್ದನ್ನೇ ಹೆಚ್ಚು ಪ್ರೀತಿಯಿಂದ ಹಿಡಿಯುತ್ತಿತ್ತು. ಕಚೇರಿಗೆ ಒಯ್ದು ಹೆಡ್ ಕ್ಲಾರ್ಕ್ ಕಲ್ಲಯ್ಯನವರ ನಾಲ್ಕು ಮಾತು ಹಿಡಿದು ತಿರುಗಿ ಹಾಕಿದಾಗ, ಸಾಹೇಬರು ಗಿರಣಿಯಲ್ಲಿ ಕೂತು ಭಾಷಣ ಮಾಡಿದಂತೆ ಕೇಳಿಸಿತು.

"ಬ್ಯಾರೇ ಮೈಕ್ ಬೇಕು, ಹೆಡ್‌ಫೋನ್ ಬೇಕು" ಎಂದರು ಕಲ್ಲಯ್ಯನವರು. "ಅವೆರಡೂ ಇಲ್ಲದ ರೆಕಾರ್ಡಿಂಗಂದ್ರ ಉಪ್ಪಿಲ್ಲದ ಝುಣಕ. ಅಲ್ಲಾ, ನೀವು ಹಿಡ್ಯಾವ್ರರೆ ಏನು?"

ಇಲ್ಲಿಯೇ ಎಡವಟ್ಟಾದದ್ದು. "ನಮ್ಮ ದೊಡ್ಡವ್ವನ ಹಾಡು" ಎಂದು ಸುಮ್ಮನೆ ಹೇಳಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹದಿನಾರು ವರ್ಷ ಆವಕ-ಜಾವಕ ಗುಮಾಸ್ತನಾಗಿ ಮಂದಿಯ ಪತ್ರಕ್ಕೆ ನಂಬರು ಹಾಕುತ್ತ ಕೂತವನಿಗೆ ಆ ದಿನ ಏನು ಬಡಿಯಿತೋ, ಎದ್ದು ನಿಂತು, "ಜಾನಪದ ಧ್ವನಿಮುದ್ರಣ ಮಾಡಾವ ಇದ್ದೀನ್ರಿ" ಎಂದುಬಿಟ್ಟ. ಜವಾನ ಕೇಳದೆಯೇ ಚಹಾ ತಂದುಕೊಟ್ಟ. ಒಮ್ಮೆ ಅಂಥ ಚಹಾ ಕುಡಿದ ಮನುಷ್ಯ ಮತ್ತೆ ಸಾದಾ ಮನುಷ್ಯನಾಗುವುದು ಕಷ್ಟ.

ಗುರುವಾರ ಸಂಜೆ ಅವನು ಖಡೇಬಜಾರದ ಸನಾಉಲ್ಲಾನ ರೇಡಿಯೋ ಅಂಗಡಿಯಲ್ಲಿದ್ದ. ಸನಾಉಲ್ಲಾ ರಿಪೇರಿಗೆ ಹೆಸರಾದವನು, ಗಿರಾಕಿಗೆ ಬೇಡದ್ದನ್ನು ಮಾರದವನು. ಆದ್ದರಿಂದಲೇ ಅಂಗಡಿ ಇಪ್ಪತ್ತು ವರ್ಷದಿಂದ ಅಷ್ಟೇ ಅಗಲವಿತ್ತು.

"ಯಾರ ಹಾಡ್ರೀ?" ಎಂದ ಸನಾಉಲ್ಲಾ.

"ನಮ್ಮ ದೊಡ್ಡವ್ವಂದು. ಎಪ್ಪತ್ತೆಂಟು ವರ್ಷ."

ಸನಾಉಲ್ಲಾ ಒಂದು ಪುಟ್ಟ ಮೈಕು ತೆಗೆದಿಟ್ಟ. ಹುರಿಗಡಲೆಯಷ್ಟಿತ್ತು, ಹಿಂದೆ ಒಂದು ಚಿಮಟಿ. "ಇದನ್ನ ಅವರ ಸೆರಗಿಗೆ ಸಿಗಿಸ್ರಿ. ಮೈಕ್ ಐತಿ ಅನ್ನೂದೂ ಮರತ ಬಿಡ್ತಾರ. ಕಿವಿಗೆ ಈ ಗುಂಡಿ ಸಾಕು." ಗುಂಡಿ ಎಂದರೆ ಒಂದು ಕಿವಿಯೊಳಗೆ ತೂರಿಸುವ ಬಿಳಿ ಬಿರಡೆ. ರೇಡಿಯೋದಲ್ಲಿ ಕಾಮೆಂಟರಿ ಕೇಳುವ ಕ್ರಿಕೆಟ್ ಹುಚ್ಚರು ಹಾಕಿಕೊಳ್ಳುವಂಥದು.

ಗುರುಪುತ್ರಪ್ಪನ ಮುಖ ಬಾಡಿತು. ಜಾನಪದ ಧ್ವನಿಮುದ್ರಣಕ್ಕೆ ಹುರಿಗಡಲೆ ಮತ್ತು ಬಿರಡೆಯೇ? ಅವನ ಕಣ್ಣು ಮೇಲಿನ ಹಲಗೆಗೆ ಹೋಯಿತು. ಅಲ್ಲೊಂದು ಹೆಡ್‌ಫೋನು ಕೂತಿತ್ತು. ಎರಡು ಕಪ್ಪು ತೊಗಲಿನ ದಿಂಬು, ಅವನ್ನು ಕೂಡಿಸುವ ಉಕ್ಕಿನ ಕಮಾನು, ಸುರುಳಿ ಸುರುಳಿ ವೈರು. ಅದರ ಬಾಜುವಿಗೆ ಬದನೆಕಾಯಿ ಗಾತ್ರದ, ಬೆಳ್ಳಿ ಬಣ್ಣದ ಮೈಕು. ಅದನ್ನು ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡು.

"ಅದು?" ಎಂದ ಮೆಲ್ಲಗೆ.

"ಅದ್ಯಾಕ್ರೀ ನಿಮಗ? ಯಾರೋ ಹೇಳಿ ತರಸಿ ಒಯ್ಯಲಿಲ್ಲ. ಆ ಮೈಕ್ ನೋಡಿದ್ರ ಮುದುಕಿ ಹಾಡೂದಲ್ಲ, ಓಟ್ ಕೇಳ್ತಾರ."

ಗುರುಪುತ್ರಪ್ಪ ನಕ್ಕು ಮನೆಗೆ ಹೋದ. ರಾತ್ರಿಯಿಡೀ ಬಿರಡೆ ಹಾಕಿಕೊಂಡ ತನ್ನನ್ನೂ ದಿಂಬು ಹಾಕಿಕೊಂಡ ತನ್ನನ್ನೂ ಅಕ್ಕಪಕ್ಕ ನಿಲ್ಲಿಸಿ ತೂಗಿದ. ಶುಕ್ರವಾರ ಹೋಗಿ ದಿಂಬು ಹಾಕಿ ನೋಡಿ ತೆಗೆದಿಟ್ಟು ಬಂದ. ಶನಿವಾರ ಮಧ್ಯಾಹ್ನ ಹೋಗಿ ಮತ್ತೆ ಹಾಕಿಕೊಂಡು ಅಂಗಡಿಯ ಕನ್ನಡಿಯಲ್ಲಿ ನೋಡಿದ. ಕನ್ನಡಿಯಲ್ಲಿ ಗುಮಾಸ್ತ ಇರಲಿಲ್ಲ. ಯಾರೋ ದೊಡ್ಡ ಮನುಷ್ಯನಿದ್ದ.

"ಇದನ್ನೇ ಕಟ್ರಿ" ಎಂದ.

"ಹುರಿಗಡಲಿ ಒಯ್ರಿ ಅಂದ್ರ ಬದನೀಕಾಯಿ ಒಯ್ತೀರಲ್ರೀ" ಎಂದು ಸನಾಉಲ್ಲಾ ನಿಟ್ಟುಸಿರಿಟ್ಟು ಕಟ್ಟಿಕೊಟ್ಟ. ನಾಲ್ಕು ಹೊಸ ಸೆಲ್ಲು ಹಾಕಿ, ಮೈಕಿನ ಬಾಯಿಗೆ ಊದಿ, ಎಲ್ಲ ಸರಿ ಇದೆಯೆಂದು ತೋರಿಸಿದ. ಪಾಪ, ಅವನ ತಪ್ಪು ಎಲ್ಲಿಯೂ ಇಲ್ಲ.

ಮಹಾಂತೇಶ ನಗರದ ಮನೆಯಲ್ಲಿ ಆ ಸಂಜೆ ಪರೀಕ್ಷೆ ನಡೆಯಿತು. ಗುರುಪುತ್ರಪ್ಪ ಪಡಸಾಲೆಯಲ್ಲಿ ದಿಂಬು ಬಿಗಿದುಕೊಂಡು ಕೂತು ಮೈಕನ್ನು ಅಡುಗೆಮನೆಯ ಬಾಗಿಲಿಗೆ ತಿರುಗಿಸಿದ. ಆಹಾ! ಒಗ್ಗರಣೆಯ ಸಾಸಿವೆ ಒಂದೊಂದಾಗಿ ಸಿಡಿಯುವುದು ಕೇಳಿಸಿತು. ಬಳೆ ಬಳೆಗೆ ತಾಗಿದ್ದು ಕೇಳಿಸಿತು. ಹಿತ್ತಲಲ್ಲಿ ನಿಂತ ಬಾಜೂಮನೆಯ ಸಂಗವ್ವನಿಗೆ ಶಿವಬಸವ್ವ ಹೇಳಿದ್ದೂ ಅಷ್ಟೇ ಸ್ವಚ್ಛವಾಗಿ ಕೇಳಿಸಿತು: "ಮನೀಗೆ ಬಂದಾಗಿಂದ ನೋಡ್ರಿ, ಎತ್ತಿನ ಕೊಳ್ಳಿಗೆ ನೊಗಾ ಹಾಕಿದಂಗ ತಲಿಗೆ ಹಾಕ್ಕೊಂಡ ಕುಂತಾರ. ಕರದ್ರ ಕೇಳೂದಿಲ್ಲ, ಬೈದ್ರ ತಿಳಿಯೂದಿಲ್ಲ. ಒಂಥರಾ ಬೇಸೇ ಆತು."

ಗುರುಪುತ್ರಪ್ಪ ಸಿಟ್ಟಾಗಲಿಲ್ಲ. ಯಂತ್ರದ ಗುಣಮಟ್ಟಕ್ಕೆ ತಲೆದೂಗಿದ.

ಐತವಾರ ಬೆಳಿಗ್ಗೆ ಖಾನಾಪುರದ ಬಸ್ಸಿನಲ್ಲಿ ಹೆಡ್‌ಫೋನನ್ನು ಚೀಲದಲ್ಲಿಡದೆ ಕೊರಳಿಗೆ ಹಾಕಿಕೊಂಡೇ ಕೂತ. ವೈರ್‌ಲೆಸ್ ಪೊಲೀಸಿನವನಿರಬೇಕೆಂದು ಕಂಡಕ್ಟರು ಟಿಕೇಟಿನ ಸುದ್ದಿಯನ್ನೇ ಎತ್ತಲಿಲ್ಲ. ಇವನೇ ಎರಡು ಸಲ ಕರೆದು ತೆಗೆದುಕೊಳ್ಳಬೇಕಾಯಿತು. ಹೆದರಿಕೊಂಡ ಕಂಡಕ್ಟರನನ್ನು ನೋಡಿ ಇವನಿಗೆ ಖುಷಿಯಾಯಿತು. ಮೂರ್ಖರಿಗೆ ಖುಷಿಯಾಗುವುದು ಇಂಥ ಹೊತ್ತಿನಲ್ಲೇ.

ಇನ್ನು ಆ ವಾರದ ಖಾನಾಪುರದ ಸ್ಥಿತಿಯನ್ನು ಒಂದಿಷ್ಟು ಹೇಳಬೇಕು. ಅದು ಎಂಬತ್ತೊಂದನೆಯ ಇಸವಿಯ ಫೆಬ್ರುವರಿ, ಖಾನೇಸುಮಾರಿಯ ಕಾಲ. ಮನೆಮನೆಗೆ ಮಂದಿ ಎಣಿಸುವವರು ಬಂದು ಹೆಸರು, ವಯಸ್ಸಿನ ಜೊತೆಗೆ ಮನೆಮಾತು ಯಾವುದೆಂದೂ ಬರೆದುಕೊಳ್ಳುತ್ತಿದ್ದರು. ಊರಿನವರು ದಿನವೂ ಕನ್ನಡದಲ್ಲಿ ಸಂತೆ ಮಾಡಿ ಮರಾಠಿಯಲ್ಲಿ ಜಗಳಾಡಿ, ಅಥವಾ ಮರಾಠಿಯಲ್ಲಿ ಸಂತೆ ಮಾಡಿ ಕನ್ನಡದಲ್ಲಿ ಜಗಳಾಡಿ, ಸುಖವಾಗಿದ್ದವರೇ. ಆದರೆ ಗಡಿಯ ತಕರಾರು ಹುಟ್ಟಿದಾಗಿನಿಂದ ಮನೆಮಾತಿನ ಲೆಕ್ಕವೆಂದರೆ ಎಲ್ಲರಿಗೂ ಗುಮಾನಿ. ಯಾವ ಮಾತಿನವರು ಹೆಚ್ಚೋ ಊರು ಆ ಕಡೆಗೆ ಹೋಗುತ್ತದೆಂದು ಕಟ್ಟೆಯ ಮೇಲೆ ಸುದ್ದಿ. ಪೆನ್ಸಿಲಿನಿಂದ ಬರೆದುಕೊಂಡು ಹೋದದ್ದನ್ನು ಆಮೇಲೆ ಅಳಿಸಿ ತಿದ್ದುತ್ತಾರೆಂದೂ ಸುದ್ದಿ.

ಇಂಥ ಊರಿಗೆ, ಇಂಥ ವಾರದಲ್ಲಿ, ಕಿವಿಯ ಮೇಲೆ ದಿಂಬು, ಹೆಗಲಲ್ಲಿ ಯಂತ್ರ, ಕೈಯಲ್ಲಿ ಬೆಳ್ಳಿ ಮೈಕು ಹಿಡಿದು ಒಬ್ಬ ಸರಕಾರಿ ಗುಮಾಸ್ತ ಇಳಿದ.

ಕಾಡವ್ವನ ಮನೆಗೂ ಅನಸಾಬಾಯಿಯ ಮನೆಗೂ ನಡುವೆ ಒಂದೇ ಗೋಡೆ. ಅನಸಾಬಾಯಿ ಮರಾಠಿ ಮನೆಯವಳು, ಕಾಡವ್ವನಿಗೆ ಮಗಳಿಗಿಂತ ಹೆಚ್ಚು. ಅಂಗಳ ಸಾರಿಸುತ್ತಿದ್ದವಳು ತಲೆಯೆತ್ತಿ ನೋಡಿ, "ಬಾಈ ಗಂ! ಗುರುಪುತ್ರಪ್ಪಾವ್ರು! ಏನ್ರಿ ಇದು, ಈ ಸಲ ಸರಕಾರಿ ಕೆಲಸದ ಮ್ಯಾಲ ಬಂದೀರೇನು?" ಎಂದಳು.

ದಿಂಬಿನೊಳಗಿದ್ದ ಗುರುಪುತ್ರಪ್ಪನಿಗೆ ಒಂದಕ್ಷರ ಕೇಳಿಸಲಿಲ್ಲ. ಹೇಗಿದ್ದೀರಿ ಎಂದು ಕೇಳಿರಬೇಕೆಂದು ದೊಡ್ಡದಾಗಿ ತಲೆಯಾಡಿಸಿ ಒಳಗೆ ಹೋದ. ಅನಸಾಬಾಯಿ ಸಗಣಿ ಕೈಯಲ್ಲೇ ಓಣಿಯ ಮೂಲೆಗೆ ಓಡಿದಳು.

ಒಳಗೆ ಕಾಡವ್ವ ಬೀಸುಕಲ್ಲು ತೊಳೆದು ಒಣಗಿಸಿ, ಮೊರದ ತುಂಬ ಜೋಳ ಆರಿಸಿಟ್ಟಿದ್ದಳು. ಹಲ್ಲು ನೋವಿಗೆ ಗಲ್ಲ ಊದಿತ್ತು, ಲವಂಗ ಒತ್ತಿಕೊಂಡಿದ್ದಳು. ಸೋದರಿಯ ಮಗನನ್ನು ಕಂಡು, "ಇದೇನೋ ತಮ್ಮಾ, ಕಿವಿಗೇನಾತೋ?" ಎಂದು ಗಾಬರಿಯಾದಳು. ದಿಂಬು ತೆಗೆದು ಅವನು ವಿವರಿಸಿದ. ಆಕೆ ಮೈಕನ್ನು ಮುಟ್ಟಿ ನೋಡಿ, "ಇದಕ್ಕೇನರೆ ನೈವೇದ್ಯ ಮಾಡೂದೈತೇನು?" ಎಂದು ಕೇಳಿದಳು. ಮೂರು ಕಾಲಿನ ಸ್ಟ್ಯಾಂಡು ಬೀಸುಕಲ್ಲಿನ ಮುಂದೆ ನಿಂತಿತು.

"ನೋಡ, ಒಂದ ಮಾತ" ಎಂದಳು ಕಾಡವ್ವ. "ಮೊದಲ ಕಲ್ಲ ಕಾಯಬೇಕು. ಕಲ್ಲ ಕಾಯೂತನಕ ಸುಮ್ನ ಬೀಸೂದು, ಹಾಡೂದಿಲ್ಲ. ಗಂಡಸರ ಮಾರಿಗೆ ಮಾರಿ ಕೊಟ್ಟ ಹಾಡೂ ಹಾಡಲ್ಲಿದು, ನಾ ಗ್ವಾಡಿ ಕಡೆ ಮಾರಿ ಮಾಡಿ ಕುಂದರ್ತೀನಿ. ನಡಕ ಬಾಯಿ ಹಾಕ್ಬ್ಯಾಡ, ಮುಟ್ಟಬ್ಯಾಡ. ಒಮ್ಮಿ ಕಡೀತಂದ್ರ ನಿಮ್ಮವ್ವನ ನುಡಿ ನನಗೂ ಸಿಗೂದಿಲ್ಲ."

ಗುರುಪುತ್ರಪ್ಪ ಆಗಲಿ ಎಂದು ತಲೆಯಾಡಿಸಿ ಯಂತ್ರದ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು.

ಬಾಗಿಲಲ್ಲಿ ಇಬ್ಬರು ನಿಂತಿದ್ದರು, ಹಿಂದೆ ಓಣಿ ನಿಂತಿತ್ತು. ಒಬ್ಬರು ತಮ್ಮಣ್ಣ ಮಾಸ್ತರು, ಕನ್ನಡ ಸಾಲೆಯ ನಿವೃತ್ತರು. ಇನ್ನೊಬ್ಬರು ವಿಠೋಬಾ ಗುರವ, ಹೆಂಚಿನ ಕಾರ್ಖಾನೆಯ ನಿವೃತ್ತರು, ಮರಾಠಿಯವರು. ಮೂವತ್ತು ವರ್ಷ ಒಂದೇ ಕಟ್ಟೆಯ ಮೇಲೆ ಕೂತು ಒಂದೇ ಚಂಚಿಯ ಎಲೆಯಡಿಕೆ ತಿಂದವರು. ಆ ದಿನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಗುರುಪುತ್ರಪ್ಪಾವ್ರ, ನಾಲಿಗಿ ಹಿಡಿಯೂ ಮಷೀನ್ ತಂದೀರಂತ" ಎಂದರು ಮಾಸ್ತರು. "ಪೆನ್ಸಿಲ್ ಲೆಕ್ಕ ರದ್ದಾತಂತ. ಯಾರ್ ಯಾವ ಮಾತ ಆಡ್ತಾರ ಅನ್ನೂದು ಇದರಾಗ ತುಂಬಿ ದಿಲ್ಲಿಗೆ ಕಳಸ್ತಾರಂತ. ಹೌದಿಲ್ಲೋ?"

"ಅಯ್ಯೋ ಮಾಸ್ತರ, ನಮ್ಮ ದೊಡ್ಡವ್ವನ ಬೀಸೂ ಹಾಡ್ರೀ!"

"ಹಾಡಿಗೆ ಇಷ್ಟ ದೊಡ್ಡ ಟೊಪಗಿ ಯಾಕ್ರಿ?" ಎಂದರು ವಿಠೋಬಾ. ಓಣಿ ಹೌದೆಂದಿತು. ಅದರ ನಿಜವಾದ ಉತ್ತರ ಸನಾಉಲ್ಲಾನ ಅಂಗಡಿಯ ಕನ್ನಡಿಗೆ ಮಾತ್ರ ಗೊತ್ತಿತ್ತು.

ಗುರುಪುತ್ರಪ್ಪ ಬಾಯಿ ಬಿಡುವಷ್ಟರಲ್ಲಿ ಮಾಸ್ತರು ಮೈಕಿನ ಮುಂದೆ ಬಂದು ಕೈಮುಗಿದು ನಿಂತುಬಿಟ್ಟರು. "ಮಾನ್ಯ ಯಂತ್ರವೇ! ನಾನು ಹುಟ್ಟಿದಾಗ ಕನ್ನಡದಲ್ಲಿಯೇ ಅತ್ತಿದ್ದೇನೆ. ಸಾಯುವಾಗಲೂ ಕನ್ನಡದಲ್ಲಿಯೇ ನರಳತಕ್ಕವನಿದ್ದೇನೆ. ಈ ನಿವೇದನೆಯನ್ನು ದಯಮಾಡಿ ಸ್ವೀಕರಿಸತಕ್ಕದ್ದು!"

ವಿಠೋಬಾ ಬಿಡುತ್ತಾರೆಯೇ? ಮಾಸ್ತರನ್ನು ಭುಜದಿಂದ ಸರಿಸಿ, "ಮೀ ಸ್ವಪ್ನಸುದ್ಧಾ ಮರಾಠೀತಚ ಬಘತೋ!" ಎಂದು ಗುಡುಗಿದರು. ಕನಸನ್ನೂ ಮರಾಠಿಯಲ್ಲೇ ಕಾಣುತ್ತೇನೆಂಬುದು ಅವರ ಸಾಕ್ಷಿ. ಆ ನೂಕಾಟದಲ್ಲಿ ಮಾಸ್ತರ ಕಾಲು ವೈರಿಗೆ ಸಿಕ್ಕಿ ಸ್ಟ್ಯಾಂಡು ವಿಠೋಬಾರ ಮೊಣಕಾಲಿಗೆ ಬಡಿಯಿತು.

"ಏಯ್ ಕತ್ತಿ! ಕಣ್ಣ ಕಾಣ್ಸೂದಿಲ್ಲೇನಲೇ ನಿನಗ!" ಎಂದು ವಿಠೋಬಾ ಕೂಗಿದರು, ಅಚ್ಚ ಕನ್ನಡದಲ್ಲಿ.

"ಗಾಢವ ತೂ! ತುಝಾ ಬಾಪ ಗಾಢವ!" ಎಂದು ಮಾಸ್ತರು ಆ ಕತ್ತೆಯನ್ನು ವಿಠೋಬಾರ ಅಪ್ಪನವರೆಗೂ ಒಯ್ದು ತಿರುಗಿ ಬಿದ್ದರು, ಅಚ್ಚ ಮರಾಠಿಯಲ್ಲಿ.

ಆಮೇಲೆ ಇಬ್ಬರೂ ಮೈಕನ್ನು ನೋಡಿದರು. ಕೆಂಪು ದೀಪ ಉರಿಯುತ್ತಿತ್ತು. ಇಬ್ಬರ ಮುಖವೂ ಸುಣ್ಣವಾಯಿತು. ಮೂವತ್ತು ವರ್ಷದ ನಿಷ್ಠೆ ಒಂದೇ ಬೈಗುಳದಲ್ಲಿ ಯಂತ್ರದ ಹೊಟ್ಟೆ ಸೇರಿತ್ತು.

"ಅದು ಬ್ಯಾಡ್ರಿ! ಅದನ್ನ ಅಳಸ್ರಿ!" ಎಂದು ಇಬ್ಬರೂ ಒಟ್ಟಿಗೆ ಗುರುಪುತ್ರಪ್ಪನ ಕೈ ಹಿಡಿದರು. ಗುರುಪುತ್ರಪ್ಪ ಟೇಪು ಹಿಂದಕ್ಕೆ ಸುತ್ತಿ, ಅದರ ಮೇಲೆ ಖಾಲಿ ಓಡಿಸಿ, ತಿರುಗಿ ಹಾಕಿ, ಬೈಗುಳ ಹೋಗಿರುವುದನ್ನು ಇಬ್ಬರ ಕಿವಿಗೂ ಸರತಿಯಂತೆ ದಿಂಬು ಹಾಕಿ ಕೇಳಿಸಿದ. ಗಡಿಯಾರದಲ್ಲಿ ಹನ್ನೊಂದಾಯಿತು.

ಇಷ್ಟಕ್ಕೆ ಮುಗಿಯಲಿಲ್ಲ. ಇನ್ನು ಕಾಡವ್ವನ ಹಾಡು ಯಾವ ಮಾತಿನದು ಎಂಬ ಪ್ರಶ್ನೆ ಬಂತು. ಅದೊಂದು ಪೀಕಲಾಟ. ಕಾಡವ್ವನ ಹಾಡಿನಲ್ಲಿ ಒಂದು ನುಡಿ ಕನ್ನಡವಾದರೆ ಮುಂದಿನ ನುಡಿ ಮರಾಠಿ. ಅತ್ತೆ ಕಲಿಸಿದ್ದೊಂದು, ನೆರೆಯವಳು ಕಲಿಸಿದ್ದೊಂದು. ಬೀಸಿದ ಹಿಟ್ಟಿನಲ್ಲಿ ಎಂದೂ ವ್ಯತ್ಯಾಸ ಬಂದಿರಲಿಲ್ಲ.

"ಕಾಡವ್ವಾ, ಮರಾಠೀ ನುಡಿ ಬಿಟ್ಟ ಹಾಡು" ಎಂದರು ಮಾಸ್ತರು.

"ಕಾಡವ್ವಾ, ಕನ್ನಡ ನುಡಿ ಬಿಟ್ಟ ಹಾಡು" ಎಂದರು ವಿಠೋಬಾ.

ಕಾಡವ್ವ ಲವಂಗ ಉಗುಳಿದಳು. "ಎರಡೂ ಬಿಟ್ಟ ಮ್ಯಾಲ ಹಾಡೂದೇನು, ನಿಮ್ಮ ತಲಿ? ನಾ ಜ್ವಾಳಾ ಬೀಸಾಕಿ, ಸರಹದ್ದ ಬೀಸಾಕಿ ಅಲ್ಲ! ನಾಳೆ ಹಲ್ಲ ಕೀಳಸಾಕಿ ಇದ್ದೀನಿ, ಅದರಾಗರೆ ಕನ್ನಡ ಹಲ್ಲ ಯಾವ್ದು, ಮರಾಠೀ ಹಲ್ಲ ಯಾವ್ದು ಅಂತ ಡಾಕ್ಟರ್‌ಗೆ ಹೇಳಿ ಬರ್ರಿ! ನಡೀರಿ ಹೊರಗ!"

ಊದಿದ ಗಲ್ಲದ ಮುದುಕಿಯ ಎದುರು ಗಂಡಸರು ನಿಲ್ಲುವುದು ಕಷ್ಟ. ಆದರೂ ವಿಠೋಬಾ ಹೊಸ್ತಿಲ ಮೇಲೆ ಒಂದು ಕಾಲಿಟ್ಟುಕೊಂಡೇ ಪಂಚಾಯ್ತಿ ಮಾಡಿದರು: ಸರಿ, ಆಕೆ ಬೇಕಾದ್ದು ಹಾಡಲಿ, ಮನೆಯ ಹಾಡು ಮನೆಯಲ್ಲಿ ಉಳಿಯಲಿ; ಮೈಕು ಮಾತ್ರ ಬಂದ್ ಆಗಬೇಕು, ನಮ್ಮ ಕಣ್ಣ ಮುಂದೆ ಬಂದ್ ಆಗಬೇಕು. ಗುರುಪುತ್ರಪ್ಪನಿಗೆ ಇವರು ತೊಲಗಿದರೆ ಸಾಕಾಗಿತ್ತು. ಮೈಕಿನ ಕೊರಳಲ್ಲಿದ್ದ ಸಣ್ಣ ಗುಂಡಿಯನ್ನು ಟಕ್ಕನೆ ಕೆಳಗೆ ಸರಿಸಿದ. ಮಾಸ್ತರು ಕನ್ನಡಕ ಏರಿಸಿ ನೋಡಿದರು, ವಿಠೋಬಾ ಬೆರಳಿಟ್ಟು ನೋಡಿದರು. ಆಮೇಲೆ ಓಣಿ ಚಹಾಕ್ಕೆ ಹೋಯಿತು.

ಕಾಡವ್ವ ಅಗಳಿ ಹಾಕಿ ಬಂದಳು. "ಲಗೂನ ಕುಂದ್ರೋ ತಮ್ಮಾ. ಅವರ ಚಾ ಕುಡದ ಬರೂದ್ರಾಗ ಮುಗಿಸಿಬಿಡ್ತೀನಿ. ನನ್ನ ಗಲ್ಲಾನೂ ಬಾಳ ಹೊತ್ತ ತಡ್ಯಾಂಗ ಕಾಣ್ಸೂದಿಲ್ಲ." ಗೋಡೆಗೆ ಮುಖ ಮಾಡಿ, ತಲೆ ತುಂಬ ಸೆರಗೆಳೆದು, ಕಾಲು ಚಾಚಿ ಕಲ್ಲಿಗೆ ನಮಸ್ಕರಿಸಿದಳು. ಇವನು ಅವಸರದಲ್ಲಿ ದಿಂಬು ಬಿಗಿದುಕೊಂಡ, ಯಂತ್ರದ ಎರಡೂ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು, ಟೇಪು ತಿರುಗಿತು. ಆಕೆಯ ಬೆನ್ನ ಹಿಂದೆ ಉಸಿರು ಬಿಗಿಹಿಡಿದು ಕೂತ.

ಕಲ್ಲು ತಿರುಗಿತು. ನೆಲದಿಂದ ಅದರ ಗಡಗಡ ಅವನ ಮೊಣಕಾಲಿಗೆ ಬಂತು, ಅಲ್ಲಿಂದ ಬೆನ್ನಿಗೆ ಬಂತು. ದಿಂಬಿನೊಳಗೆ ಸಣ್ಣಗೆ ಸುಂಯ್ ಎನ್ನುವುದು ಬಿಟ್ಟರೆ ಬೇರೇನಿಲ್ಲ. ಎಂಥ ನಿಶ್ಶಬ್ದ! ಓಣಿಯ ನಾಯಿ ಇಲ್ಲ, ಕಾಗೆ ಇಲ್ಲ, ವಿಠೋಬಾ ಇಲ್ಲ. ದೊಡ್ಡ ಯಂತ್ರ ತಂದದ್ದು ಸಾರ್ಥಕವಾಯಿತೆಂದುಕೊಂಡ.

ಆಕೆಯ ಬಲಗೈ ಸುತ್ತುತ್ತಿತ್ತು, ಎಡಗೈ ಹಿಡಿ ಹಿಡಿ ಜೋಳ ಹಾಕುತ್ತಿತ್ತು. ಕಲ್ಲು ಕಾಯಬೇಕು ಎಂದಿದ್ದಳಲ್ಲ, ಕಾಯಲಿ. ಹತ್ತು ಹಿಡಿ ಆಯಿತು. ಹತ್ತು ವರ್ಷ ಮೂಲೆಯಲ್ಲಿದ್ದ ಕಲ್ಲು, ಬೇಗ ಕಾಯುತ್ತದೆಯೇ? ಇಪ್ಪತ್ತು ಹಿಡಿ ಆಯಿತು. ಹಿಟ್ಟು ಕಲ್ಲಿನ ಸುತ್ತ ಗುಡ್ಡೆಯಾಯಿತು. ಕೇಳೋಣವೆಂದು ಬಾಯಿ ತೆರೆದವನು ನಡುವೆ ಬಾಯಿ ಹಾಕಬೇಡವೆಂದದ್ದು ನೆನಪಾಗಿ ತುಟಿ ಕಚ್ಚಿಕೊಂಡ. ಮುಟ್ಟಲೂ ಬೇಡವೆಂದಿದ್ದಳು. ಜೀವನದಲ್ಲಿ ಒಮ್ಮೆಯಾದರೂ ಹಿರಿಯರ ಮಾತನ್ನು ಅಕ್ಷರಶಃ ನಡೆಸುತ್ತಿದ್ದೇನೆಂದು ಅವನಿಗೆ ತನ್ನ ಮೇಲೆಯೇ ಗೌರವ ಬಂತು. ಆಕೆಯ ಬೆನ್ನು ಒಮ್ಮೊಮ್ಮೆ ತೂಗುತ್ತಿತ್ತು. ಒಮ್ಮೆ ಕೈ ನಿಂತಿತು, ಸೆರಗು ಮುಖಕ್ಕೆ ಹೋಯಿತು, ಮತ್ತೆ ಕೈ ನಡೆಯಿತು. ಹಲ್ಲು ನೋಯುತ್ತಿರಬೇಕು, ಪಾಪ, ಎಂದುಕೊಂಡ. ಮೊರ ಖಾಲಿಯಾಯಿತು.

ಕಾಡವ್ವ ಗೂಟ ಬಿಟ್ಟು ಈ ಕಡೆ ತಿರುಗಿದಳು. ಮುಖವೆಲ್ಲ ಒದ್ದೆ. ತುಟಿ ಅಲ್ಲಾಡಿತು. ಗುರುಪುತ್ರಪ್ಪ ದಿಂಬು ತೆಗೆದು, ಇನ್ನಷ್ಟು ಜೋಳ ತರಲೇ, ಕಲ್ಲು ಕಾದಿತೇ ಎಂದು ಕೇಳುವವನಿದ್ದ.

"ನಿಮ್ಮವ್ವನ ನುಡಿ ಬರೂತನಕ ತಡದಿದ್ದೆ ನೋಡೋ" ಎಂದಳು ಆಕೆ. "ಅಲ್ಲಿಗೆ ಬಂದ ಕೂಡ್ಲೆ ತಡೀಲಿಲ್ಲ. ಆದ್ರೂ ಕಡಿಗೊಡಲಿಲ್ಲ, ನಾಲ್ಕೂ ಹಾಡಿದೆ. ಎಲ್ಲಾ ಹಿಡೀತೇನೋ ತಮ್ಮಾ?"

ಗುರುಪುತ್ರಪ್ಪ ಮೈಕನ್ನು ನೋಡಿದ. ಅದರ ಕೊರಳಿನ ಗುಂಡಿ ತಾನು ಸರಿಸಿದಲ್ಲಿಯೇ, ಕೆಳಗೇ ಇತ್ತು. ವಿಠೋಬಾ ಬೆರಳಿಟ್ಟು ನೋಡಿದ ಗುಂಡಿ. ಎರಡು ಮಾರು ದೂರದಲ್ಲಿ ಕೂತು, ಎರಡೂ ಕಿವಿಗೆ ತೊಗಲು ಬಿಗಿದುಕೊಂಡು, ಅವನು ತನ್ನ ತಾಯಿಯ ನುಡಿಯನ್ನು ಕೇಳದೆಯೇ ಹಾದುಹೋಗಲು ಬಿಟ್ಟಿದ್ದ.

ಇನ್ನೊಮ್ಮೆ ಹಾಡು ಎನ್ನಬೇಕು. ನಾಲಿಗೆಯ ತುದಿಗೆ ಬಂದಿತ್ತು. ಆಕೆ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ತಾನಾಗಿ ಅದು ಏಳುತ್ತಿರಲಿಲ್ಲ. ಬಾಯಿಯ ಬದಿಯಲ್ಲಿ ರಕ್ತ ಒಸರುತ್ತಿತ್ತು.

"ಎಲ್ಲಾ ಹಿಡೀತು ದೊಡ್ಡವ್ವಾ" ಎಂದ.

"ಹಂಗಾರ ಇನ್ನ ಹಲ್ಲ ಹೋದ್ರೂ ಚಿಂತಿಲ್ಲ ಬಿಡು" ಎಂದು ಕಾಡವ್ವ ಊದಿದ ಗಲ್ಲದಲ್ಲೇ ನಕ್ಕಳು. ಎಷ್ಟೋ ತಿಂಗಳ ಮೇಲೆ ಆಕೆ ಹಾಗೆ ನಕ್ಕದ್ದು. ಗೋಡೆ ಹಿಡಿದು ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟು ಬಾಗಿಲವರೆಗೆ ಬಂದು ಅಗಳಿ ತೆಗೆದಳು.

ಹೊರಗೆ ಇಡೀ ಓಣಿ ನಿಂತಿತ್ತು. ಚಹಾಕ್ಕೆ ಹೋದವರು ಯಾರೂ ಚಹಾ ಕುಡಿದಿರಲಿಲ್ಲ. ಹತ್ತು ವರ್ಷದ ಮೇಲೆ ಬೀಸುವ ಸದ್ದು ಕೇಳಿ ನಿಂತವರು, ಹಾಡು ಕೇಳಿ ಗೋಡೆಗೆ ಒರಗಿದವರು, ಅಲ್ಲಿಯೇ ಉಳಿದಿದ್ದರು. ಅನಸಾಬಾಯಿ ಮೂಗು ಸೀಟುತ್ತಿದ್ದಳು. ತಮ್ಮಣ್ಣ ಮಾಸ್ತರು ಕನ್ನಡಕ ಕೈಯಲ್ಲಿ ಹಿಡಿದು ಆಕಾಶ ನೋಡುತ್ತಿದ್ದರು. ಅವರ ಇನ್ನೊಂದು ಕೈ ವಿಠೋಬಾರ ಹೆಗಲ ಮೇಲಿತ್ತು.

"ಕಾಡವ್ವಾ, ಮರಾಠೀ ನುಡಿಗೆ ನಾ ಅತ್ತೆ, ಕನ್ನಡ ನುಡಿಗೆ ಇಂವ ಅತ್ತ ಅಂತ ತಿಳೀಬ್ಯಾಡ. ಎಲ್ಲಾದಕ್ಕೂ ಇಬ್ರೂ ಅತ್ತೇವಿ" ಎಂದರು ವಿಠೋಬಾ, ಧೋತರದ ಚುಂಗಿನಿಂದ ಕಣ್ಣೊರೆಸುತ್ತ. ಆಮೇಲೆ ಗುರುಪುತ್ರಪ್ಪನ ಕಡೆ ತಿರುಗಿ, ಕೊರಳಲ್ಲಿ ಜೋತುಬಿದ್ದ ಹೆಡ್‌ಫೋನನ್ನು ಗೌರವದಿಂದ ಮುಟ್ಟಿದರು. "ನಾವು ಗ್ವಾಡಿಗೆ ಕಿವಿ ಹಚ್ಚಿ ಕೇಳಿದವರ್ರೀ. ನಿಮಗ ಇದರಾಗ ಇನ್ನ ಎಷ್ಟ ಛಲೋ ಕೇಳಿರಬೇಕು!"

"ಹೂಂ ರೀ" ಎಂದ ಗುರುಪುತ್ರಪ್ಪ.

ಅನಸಾಬಾಯಿ ಅಳುತ್ತಲೇ ನಕ್ಕಳು. "ನಿಮ್ಮವ್ವ ನಿಮಗ ಏನಂತ ಕರೀತಿದ್ಲು ಅಂತ ನಮಗೆಲ್ಲಾ ಇವತ್ತ ಗೊತ್ತಾತ ನೋಡ್ರಿ! ಎಷ್ಟ ಚೆಂದ ಹೆಸರಿಟ್ಟಿದ್ಲು!" ಓಣಿಯ ಹೆಂಗಸರೆಲ್ಲ ಹೌದು ಹೌದೆಂದು ಅವನನ್ನು ಹೊಸದಾಗಿ ನೋಡಿದರು. ಏನಂತ, ಎಂದು ಕೇಳಿದರೆ ಹತ್ತು ಬಾಯಿಗಳು ಒಟ್ಟಿಗೆ ಹೇಳುತ್ತಿದ್ದವು. ಆದರೆ ದೊಡ್ಡವ್ವ ಬೆನ್ನ ಹಿಂದೆಯೇ, ಅವನ ಹೆಗಲ ಮೇಲೆ ಕೈಯಿಟ್ಟು ನಗುತ್ತ ನಿಂತಿದ್ದಳು. ಗುರುಪುತ್ರಪ್ಪ ನಾಚಿಕೊಂಡವನಂತೆ ತಲೆ ತಗ್ಗಿಸಿ, ಸುರುಳಿ ವೈರನ್ನು ಸುತ್ತತೊಡಗಿದ.